ಜೀವಾಮೃತ, ಪಂಚಗವ್ಯ, ಕೊಂಬಿನ ಗೊಬ್ಬರ: ನಿಮ್ಮ ತೋಟಕ್ಕೆ ಯಾವ ಹೆಪ್ಪು?

ಸಾಗರ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ. ನಾನಿರುವುದು ಶಿವಮೊಗ್ಗದಲ್ಲಿ. ಶನಿವಾರ ಮಧ್ಯಾಹ್ನ ಹೋದರೆ ಭಾನುವಾರ ಸಂಜೆ ವಾಪಸ್. ರಾಸಾಯನಿಕ ಗೊಬ್ಬರ ಬಿಟ್ಟು ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ಡ್ರಮ್ಮಿನಲ್ಲಿ ಕಲಸಿದ್ದೇನೆ, ಗುಂಡಿ ತೋಡಿದ್ದೇನೆ, ಹಸುವಿನ ಕೊಂಬಿಗೆ ಸಗಣಿ ತುಂಬಿ ಹುಗಿದಿದ್ದೇನೆ. ಕೊಂಬು ಹುಗಿಯುವಾಗ ಬೇಲಿಯಾಚೆ ನಿಂತು ನೋಡಿದ ಪಕ್ಕದ ತೋಟದವರು, "ಏನು, ಮಾಟ ಗೀಟ ಮಾಡಿಸ್ತಿದೀರಾ?" ಅಂತ ಕೇಳಿದ್ದೂ ಆಯಿತು.

ಈಗ ಸಾವಯವಕ್ಕೆ ಇಳಿಯುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಜೀವಾಮೃತ ಒಳ್ಳೆಯದಾ, ಪಂಚಗವ್ಯ ಒಳ್ಳೆಯದಾ, ಕೊಂಬಿನ ಗೊಬ್ಬರದ ಬಯೋಡೈನಾಮಿಕ್ ಪದ್ಧತಿ ಒಳ್ಳೆಯದಾ? ನಾನು ತಿರುಗಿ ಕೇಳುವುದು ಎರಡು ಪ್ರಶ್ನೆ. ತೋಟದಲ್ಲಿ ವಾರಕ್ಕೆ ಎಷ್ಟು ದಿನ ಇರ್ತೀರಿ? ಬುಡದಲ್ಲಿ ಸೊಪ್ಪು, ದರಕು (ಉದುರಿದ ಒಣ ಎಲೆ), ಗೊಬ್ಬರ ಏನಾದರೂ ಇದೆಯಾ?

ಯಾಕೆ ಅಂದರೆ, ಇವೆಲ್ಲ ಸಗಣಿಗೆ ಹುದುಗು ಬರಿಸುವ ಕೆಲಸ. ಅಡುಗೆಮನೆಯಲ್ಲಿ ನಾವು ದಿನಾ ಮಾಡುವುದೇ. ಹಾಲಿಗೆ ಒಂದು ಚಮಚ ಮೊಸರು ಬಿಟ್ಟರೆ ಬೆಳಿಗ್ಗೆ ಪಾತ್ರೆ ತುಂಬಾ ಮೊಸರು. ಆ ಒಂದು ಚಮಚ ಹೆಪ್ಪು. ಜೀವಾಮೃತವೂ ಹೆಪ್ಪು, ಕೊಂಬಿನ ಗೊಬ್ಬರವೂ ಹೆಪ್ಪು. ಮಣ್ಣಿನಲ್ಲಿ ಕೊಳೆಯುವ ಸೊಪ್ಪು ಸದೆ ಇದೆಯಲ್ಲ, ಅದು ಹಾಲು. ಖಾಲಿ ಪಾತ್ರೆಗೆ ಎಷ್ಟು ಚಮಚ ಹೆಪ್ಪು ಹಾಕಿದರೂ ಮೊಸರಾಗುವುದಿಲ್ಲ, ಅಲ್ವಾ?

ಅವಸರ ಇದ್ದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಸು ಇದ್ದು, ದಿನಾ ತೋಟದಲ್ಲಿರುವವರಿಗೆ ಜೀವಾಮೃತ. ಹೂವು ತರಕಾರಿ ಬೆಳೆಯುವವರು, ಎಲೆಯ ಮೇಲೆ ಏನಾದರೂ ಸಿಂಪಡಿಸಬೇಕು ಅನ್ನುವವರು ಪಂಚಗವ್ಯ ನೋಡಬಹುದು. ನನ್ನ ಹಾಗೆ ವಾರಕ್ಕೊಮ್ಮೆ ಬರುವವರಿಗೆ ಸಗಣಿ ಗುಂಡಿ, ಇಲ್ಲವೇ ಒಣಗಿಸಿಟ್ಟ ಜೀವಾಮೃತ, ಅಂದರೆ ಘನಜೀವಾಮೃತ. ಕೊಂಬಿನ ಗೊಬ್ಬರ ತಾಳ್ಮೆ ಇದ್ದವರಿಗೆ, ವಿದೇಶಕ್ಕೆ ಮಾರುವ ಯೋಚನೆ ಇದ್ದವರಿಗೆ. ಇನ್ನು ಮುಂದಿನದು ಯಾಕೆ, ಹೇಗೆ ಅನ್ನುವುದು.

ಜೀವಾಮೃತ: ದೋಸೆ ಹಿಟ್ಟಿನ ಹಾಗೆ

ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಅವರ ಹೆಸರಿನ ಜೊತೆ ಬಂದದ್ದು ಇದು. ಕರ್ನಾಟಕದಲ್ಲಿ ಹರಡಿದ್ದು ರಾಜ್ಯ ರೈತ ಸಂಘದವರ ಶಿಬಿರಗಳಿಂದ. ಚಾಮರಾಜನಗರದ ಅಮೃತಭೂಮಿಗೆ ಹೋದರೆ ಈಗಲೂ ಇದರ ತರಬೇತಿ, ತೋಟ ಎಲ್ಲ ನೋಡಬಹುದು.

ಅಳತೆ ಬಹಳ ಜನಕ್ಕೆ ಬಾಯಿಪಾಠ. 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿಟ್ಟು, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸಿದರೆ 48 ಗಂಟೆಗೆ ತಯಾರು. ಇದು ಒಂದು ಎಕರೆಗೆ. ಒಂದು ವಾರದೊಳಗೆ ಖರ್ಚು ಮಾಡಬೇಕು.

ಈ ಕೊನೆಯ ಮಾತನ್ನೇ ನಾನು ಮೊದಲ ವರ್ಷ ಲಘುವಾಗಿ ತೆಗೆದುಕೊಂಡದ್ದು. ಒಂದು ಶನಿವಾರ ಡ್ರಮ್ ತುಂಬಿಸಿ, ಹಲ್ಲಿ ಬೀಳದಿರಲಿ ಅಂತ ಮುಚ್ಚಳ ಬಿಗಿಯಾಗಿ ತಿರುಪಿ ಬಂದೆ. ಮುಂದಿನ ವಾರ ಮಗಳಿಗೆ ಜ್ವರ, ಅದರ ಮುಂದಿನ ವಾರ ನೆಂಟರ ಮದುವೆ. ಮೂರನೇ ವಾರ ಹೋಗಿ ಮುಚ್ಚಳ ಸಡಿಲಿಸಿದ್ದೇ ತಡ, ಬುಸ್ ಅಂತ ಗಾಳಿ ಹೊರಬಂತು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಮೇಲೆ ಬೂದು ಬಣ್ಣದ ಕೆನೆ, ಅದರಲ್ಲಿ ಹುಳ. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದು ಕೈ ತೊಳೆದೆ. ವಾಸನೆ ಸೋಮವಾರ ಆಫೀಸಿಗೂ ಬಂತು.

ಆಮೇಲೆ ಅಮ್ಮ ಹೇಳಿದ್ದು, "ದೋಸೆ ಹಿಟ್ಟು ಮೂರು ವಾರ ಇಡ್ತೀಯಾ?" ಸರಿಯಾಗಿ ಹೇಳಿದಳು. ರುಬ್ಬಿದ ಮರುದಿನದ ಹಿಟ್ಟಿನಲ್ಲಿ ಒಳ್ಳೆಯ ಜೀವಿಗಳು ಏರುವ ಹೊತ್ತು. ಡ್ರಮ್ಮಿನದೂ ಹಾಗೇ. ಹೆಚ್ಚು ದಿನ ಬಿಟ್ಟರೆ ಬೆಲ್ಲ ಹಿಟ್ಟು ಎಲ್ಲ ತಿಂದು ಮುಗಿಸಿ, ಗಾಳಿ ಸಿಗದೆ, ಬೇರೆ ಜಾತಿಯವು ಮೇಲೇಳುತ್ತವೆ. ಡ್ರಮ್ಮಿಗೆ ಗೋಣಿತಾಟು ಕಟ್ಟಬೇಕು, ಮುಚ್ಚಳ ಅಲ್ಲ. ವಾಸನೆ ಹುಳಿ ಮಜ್ಜಿಗೆ, ಕಳ್ಳಿನ ಹಾಗೆ ಇದ್ದರೆ ಸರಿ. ಮೂಗು ಮುಚ್ಚುವಂತಿದ್ದರೆ ಬುಡಕ್ಕೆ ಹಾಕಬೇಡಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಇದು ಗೊಬ್ಬರವಾ? 10 ಕೆಜಿ ಹಸಿ ಸಗಣಿಯಲ್ಲಿ ಸಾರಜನಕ ಸುಮಾರು 40 ಗ್ರಾಂ. 10 ಲೀಟರ್ ಗಂಜಲದಲ್ಲಿ ಹೆಚ್ಚೆಂದರೆ 100 ಗ್ರಾಂ. ಹಿಟ್ಟಿನಲ್ಲಿ ಒಂದು 70 ಗ್ರಾಂ. ಒಟ್ಟು 200 ಗ್ರಾಂ ಹತ್ತಿರ. ತಿಂಗಳಿಗೊಮ್ಮೆ ತಪ್ಪದೆ ಕೊಟ್ಟರೂ ವರ್ಷಕ್ಕೆ ಎರಡೂವರೆ ಕೆಜಿ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಬೇಕು ಅನ್ನುವುದು ಕಾಸರಗೋಡಿನ ಸಂಶೋಧನಾ ಕೇಂದ್ರದ ಶಿಫಾರಸು. ಎಕರೆಗೆ 550 ಮರ ಅಂದರೆ 55 ಕೆಜಿ. ಎಲ್ಲಿಯ ಎರಡೂವರೆ, ಎಲ್ಲಿಯ 55!

ಪಾಳೇಕರ್ ಅವರೂ ಇದನ್ನು ಗೊಬ್ಬರ ಅನ್ನುವುದಿಲ್ಲ. ಅವರ ಮಾತಿನಲ್ಲೂ ಅದು ಹೆಪ್ಪೇ. ಹೊದಿಕೆ ಬೇಕು, ಮಣ್ಣಿನಲ್ಲಿ ಹದವಾದ ತೇವ ಬೇಕು ಅಂತ ಅವರು ಪದೇ ಪದೇ ಹೇಳುತ್ತಾರೆ. ಕೇಳುವವರು ಡ್ರಮ್ ಮಾತ್ರ ನೆನಪಿಟ್ಟುಕೊಂಡು ಮನೆಗೆ ಬರುತ್ತೇವೆ. ಗಿಡಕ್ಕೆ ಬೇಕಾದ್ದರಲ್ಲಿ ನೂರಕ್ಕೆ 98 ಪಾಲು ಗಾಳಿ, ನೀರು, ಬಿಸಿಲಿನಿಂದಲೇ ಸಿಗುತ್ತದೆ ಎಂಬ ಅವರ ಮಾತಿದೆ. ತೂಕದ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಉಳಿದ ಆ ಎರಡು ಪಾಲಿಗೇ ಅಲ್ವಾ ನಾವೆಲ್ಲ ಒದ್ದಾಡುವುದು?

ಮಲೆನಾಡಿನಲ್ಲಿ ನಮ್ಮ ಪುಣ್ಯಕ್ಕೆ ಹಾಲಿಗೆ ಬರ ಇಲ್ಲ. ಸೊಪ್ಪಿನ ಬೆಟ್ಟ ಇದೆ, ದರಕು ಇದೆ, ಅಡಿಕೆ ಸೋಗೆ, ಸಿಪ್ಪೆ ಇದೆ. ಕಾಸರಗೋಡಿನವರ ಶಿಫಾರಸಿನಲ್ಲೇ ಮರಕ್ಕೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಸೇರಿದೆ. ಇದು ಹಾಕುವ ತೋಟಕ್ಕೆ ಜೀವಾಮೃತ ಬಿದ್ದರೆ ಕೊಳೆಯುವ ಕೆಲಸ ಚುರುಕಾಗುತ್ತದೆ. ಬಯಲುಸೀಮೆಯಲ್ಲಿ ಬೋಳು ನೆಲದ ತೆಂಗಿನ ತೋಟಕ್ಕೆ ಬರೀ ಡ್ರಮ್ ನಂಬಿ ಕೂತವರು ಎರಡನೇ ವರ್ಷ ಬೇಜಾರಾಗಿ ಬಿಟ್ಟದ್ದನ್ನು ನೋಡಿದ್ದೇನೆ.

ನಾಟಿ ಹಸುವೇ ಆಗಬೇಕಾ ಅನ್ನುವುದು ದೊಡ್ಡ ಜಗಳ. ಪಾಳೇಕರ್ ದಾರಿಯಲ್ಲಿ ಆಗಲೇಬೇಕು, ಜರ್ಸಿ ಸಲ್ಲ. ಒಂದು ನಾಟಿ ಹಸು ಇದ್ದರೆ 30 ಎಕರೆಗೆ ಸಾಕು ಅನ್ನುವುದು ಅವರ ಲೆಕ್ಕ: ದಿನದ ಸಗಣಿ ಒಂದು ಎಕರೆಗೆ, ತಿಂಗಳಿಗೆ 30. ನಮ್ಮ ಮಲೆನಾಡು ಗಿಡ್ಡ ಅಷ್ಟು ಹಾಕುವುದಿಲ್ಲ, ಎರಡು ದಿನ ಕೂಡಿಸಬೇಕು. ಸಿಗದಿದ್ದಾಗ ನಾನು ಪಕ್ಕದ ಮನೆಯ ಮಿಶ್ರತಳಿ ಹಸುವಿನ ಸಗಣಿಯನ್ನೂ ಬೆರೆಸಿದ್ದೇನೆ. ನನ್ನ ಕಣ್ಣಿಗೆ ವ್ಯತ್ಯಾಸ ಕಂಡಿಲ್ಲ.

ಡ್ರಿಪ್‌ನಲ್ಲಿ ಬಿಡುವವರು ಎರಡು ಸಲ ಸೋಸಿ. ಒಂದು ಸಲ ಸೋಸಿದ್ದಕ್ಕೆ ನಾನು ಒಂದಿಡೀ ಭಾನುವಾರ ಸೂಜಿ ಹಿಡಿದು ತೂತು ಬಿಡಿಸಿದ್ದೇನೆ.

ವಾರದ ರೈತರಿಗೆ ಇದರಲ್ಲೇ ಒಂದು ದಾರಿ ಇದೆ, ಘನಜೀವಾಮೃತ. ನೂರು ಕೆಜಿ ಸಗಣಿಗೆ ಒಂದೆರಡು ಕೆಜಿ ಬೆಲ್ಲ, ಅಷ್ಟೇ ಹಿಟ್ಟು, ಹಿಡಿ ಮಣ್ಣು, ಕಲಸುವಷ್ಟು ಗಂಜಲ. ನೆರಳಲ್ಲಿ ಒಣಗಿಸಿ ಚೀಲಕ್ಕೆ ತುಂಬಿದರೆ ಆರು ತಿಂಗಳು ಇರುತ್ತದೆ. ದೋಸೆ ಹಿಟ್ಟನ್ನು ಸಂಡಿಗೆ ಮಾಡಿಟ್ಟ ಹಾಗೆ ಅನ್ನಿ.

ಪಂಚಗವ್ಯ: ತುಪ್ಪ ಹಾಕುವಾಗ ಅಮ್ಮನ ಮುಖ

ತಮಿಳುನಾಡಿನ ಕೊಡುಮುಡಿಯ ಡಾಕ್ಟರ್ ಕೆ. ನಟರಾಜನ್ ಅವರು ಹಳೆಯ ಪಂಚಗವ್ಯಕ್ಕೆ ಎಳನೀರು, ಬೆಲ್ಲ, ಬಾಳೆಹಣ್ಣು ಸೇರಿಸಿ ಬೆಳೆಗೆ ಹೊಂದಿಸಿದವರು. ಮೊದಲು 7 ಕೆಜಿ ಸಗಣಿ, 1 ಕೆಜಿ ತುಪ್ಪ ಕಲಸಿ ಮೂರು ದಿನ. ಆಮೇಲೆ 10 ಲೀಟರ್ ಗಂಜಲ, 10 ಲೀಟರ್ ನೀರು ಬೆರೆಸಿ 15 ದಿನ. ಕೊನೆಗೆ 3 ಲೀಟರ್ ಹಾಲು, 2 ಲೀಟರ್ ಮೊಸರು, 3 ಲೀಟರ್ ಎಳನೀರು, 3 ಕೆಜಿ ಬೆಲ್ಲ, 12 ಕಳಿತ ಬಾಳೆಹಣ್ಣು. 30 ದಿನಕ್ಕೆ ತಯಾರು. ನೂರು ಲೀಟರ್ ನೀರಿಗೆ 3 ಲೀಟರ್ ಬೆರೆಸಿ ಎಲೆಗೆ ಸಿಂಪಡಿಸುವುದು.

ನಾನು ಒಂದೇ ಸಲ ಮಾಡಿದ್ದು. ಸಗಣಿಗೆ ಒಂದು ಕೆಜಿ ತುಪ್ಪ ಸುರಿಯುವಾಗ ಅಮ್ಮನ ಮುಖ ನೋಡಲಾಗಲಿಲ್ಲ. ತುಪ್ಪದ ಬದಲು ಶೇಂಗಾ ಹಿಂಡಿ ಹಾಕುವವರೂ ಇದ್ದಾರೆ. ದಿನಾ ಎರಡು ಹೊತ್ತು ತಿರುಗಿಸಲೇಬೇಕು, ಅದೂ ಒಂದು ತಿಂಗಳು. ಮತ್ತೆ ನಲವತ್ತು ಅಡಿ ಎತ್ತರದ ಅಡಿಕೆ ಮರದ ಎಲೆಗೆ ಇದನ್ನು ಹೊಡೆಯುವವರು ಯಾರು? ಮರ ಹತ್ತುವ ಕೊನೆಗಾರ ಔಷಧಿ ಹೊಡೆಯಲು ಬರುವುದೇ ದುರ್ಲಭ. ಮಲ್ಲಿಗೆ, ಮೆಣಸಿನಕಾಯಿ, ಬೆಂಡೆ, ಬಾಳೆಯ ಸಣ್ಣ ಗಿಡ, ಇಂಥದ್ದಕ್ಕೆ ಸರಿ. ನಮ್ಮ ಮನೆ ಮುಂದಿನ ಮಲ್ಲಿಗೆ ಬಳ್ಳಿಗೆ ಎರಡು ಸಲ ಹೊಡೆದಾಗ ಎಲೆ ಹೊಳಪಾದದ್ದು ನಿಜ.

ಕೊಂಡು ತರುವವರಿಗೆ ಒಂದು ಮಾತು. ಒಂದು ಅಂಗಡಿಯಿಂದ ತಂದ ಕ್ಯಾನಿನಲ್ಲಿ ಬರೀ ಗಂಜಲದ ಘಾಟು ಇತ್ತು, ಹುಳಿಯೂ ಇಲ್ಲ, ಹಣ್ಣಿನ ಪರಿಮಳವೂ ಇಲ್ಲ. ಸರಿಯಾದ ಪಂಚಗವ್ಯಕ್ಕೆ ಹುದುಗಿದ ಹಣ್ಣಿನ ವಾಸನೆ ಇರುತ್ತದೆ. ತಗೊಳ್ಳುವ ಮುಂಚೆ ಮುಚ್ಚಳ ತೆಗೆಸಿ ಮೂಸಿ ನೋಡಿ.

ಬಯೋಡೈನಾಮಿಕ್: ಉಪ್ಪಿನಕಾಯಿ ಭರಣಿ

ಇದು ಹೊರಗಿನಿಂದ ಬಂದದ್ದು. 1924ರ ಜೂನ್‌ನಲ್ಲಿ ರುಡಾಲ್ಫ್ ಸ್ಟೈನರ್ ಎಂಬ ಆಸ್ಟ್ರಿಯಾದ ತತ್ವಜ್ಞಾನಿ ಕೋಬರ್ವಿಟ್ಸ್ ಎಂಬ ಹಳ್ಳಿಯಲ್ಲಿ ರೈತರಿಗೆ ಎಂಟು ಉಪನ್ಯಾಸ ಕೊಟ್ಟ. ಆಗ ಅದು ಜರ್ಮನಿ, ಈಗ ಪೋಲೆಂಡ್. ರಾಸಾಯನಿಕ ಗೊಬ್ಬರ ಬಂದ ಮೇಲೆ ಬೀಜ, ದನ, ಮಣ್ಣು ಸೊರಗುತ್ತಿವೆ ಅಂತ ದೂರು ತಂದವರಿಗೆ ಕೊಟ್ಟ ಉತ್ತರ ಅದು. ಜಮೀನು ಅಂದರೆ ಒಂದು ಜೀವ. ಅದರ ದನ, ಅದರ ಮೇವು, ಅದರ ಗೊಬ್ಬರ ಅದರೊಳಗೇ ಸುತ್ತಬೇಕು. ಇಷ್ಟು ನಮ್ಮ ಅಜ್ಜಂದಿರಿಗೆ ಹೊಸದೇನಲ್ಲ. ಅದರಾಚೆ ಆತ ಹೇಳಿದ ಗ್ರಹ, ನಕ್ಷತ್ರ, ಶಕ್ತಿಗಳ ಮಾತು ನನಗೆ ಪೂರ್ತಿ ದಕ್ಕಿಲ್ಲ, ನಂಬಿಕೆಯೂ ಇಲ್ಲ. ಆದರೆ ತಯಾರಿಸುವ ಕ್ರಮ ಬಹಳ ಅಚ್ಚುಕಟ್ಟು.

ಭಾರತದಲ್ಲಿ ಇದನ್ನು ಊರೂರು ತಿರುಗಿ ಕಲಿಸಿದವರು ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರ್, 1990ರ ದಶಕದಿಂದ. ಡಾರ್ಜಿಲಿಂಗ್ ಕಡೆಯ ಮಕೈಬರಿ ಚಹಾ ತೋಟ ಇದೇ ಪದ್ಧತಿಯಿಂದ ಹೆಸರಾದದ್ದು.

ಕೊಂಬಿನ ಗೊಬ್ಬರಕ್ಕೆ ಇವರ ಭಾಷೆಯಲ್ಲಿ 500 ಅಂತ ನಂಬರು. ಹಾಲು ಕೊಡುವ ಹಸುವಿನ ಸಗಣಿಯನ್ನು ಸತ್ತ ಹಸುವಿನ ಕೊಂಬಿಗೆ ತುಂಬಿ, ಚಳಿಗಾಲಕ್ಕೆ ಮುಂಚೆ ಹುಗಿಯುವುದು. ನಮ್ಮಲ್ಲಿ ದಸರಾ ಹೊತ್ತಿಗೆ ಹುಗಿದು ಶಿವರಾತ್ರಿ ಆಚೀಚೆ ತೆಗೆಯುತ್ತಾರೆ. ಎಕರೆಗೆ ಬೇಕಾಗುವುದು 25 ಗ್ರಾಂ ಮಾತ್ರ. ಅದನ್ನು 13ರಿಂದ 15 ಲೀಟರ್ ನೀರಿಗೆ ಹಾಕಿ ಒಂದು ಗಂಟೆ ತಿರುಗಿಸಬೇಕು. ಸುಳಿ ಬೀಳುವವರೆಗೆ ಒಂದು ಕಡೆಗೆ, ಆಮೇಲೆ ಸುಳಿ ಒಡೆದು ಇನ್ನೊಂದು ಕಡೆಗೆ. ಸಂಜೆ ಹೊತ್ತು ಪೊರಕೆ ಅದ್ದಿ ನೆಲಕ್ಕೆ ದಪ್ಪ ಹನಿಯಾಗಿ ಚಿಮುಕಿಸುವುದು.

ಮೊದಲ ಸಲ ನಾನು ಹುಗಿದದ್ದು ಹನ್ನೆರಡು ಕೊಂಬು. ಶಿವರಾತ್ರಿ ಕಳೆದ ಭಾನುವಾರ ಅಗೆದೆವು. ಕೊಂಬಿನ ಬಾಯನ್ನು ಕಲ್ಲಿಗೆ ಟಕ್ ಟಕ್ ಅಂತ ಕುಟ್ಟಿದರೆ ಒಳಗಿನದು ಉದುರಿ ಬಿತ್ತು. ಕಾಫಿ ಗಷ್ಟಿನ ಬಣ್ಣ, ಮುಟ್ಟಿದರೆ ಮೆತ್ತಗೆ. ಸಗಣಿಯ ವಾಸನೆ ಹೆಸರಿಗೂ ಇಲ್ಲ. ಬೆಟ್ಟದಲ್ಲಿ ದರಕು ಸರಿಸಿದಾಗ ಅಡಿಯ ಕರಿಮಣ್ಣು ಬೀರುವ ವಾಸನೆ ಅದು. ಮಗಳು ಮೂಸಿ ನೋಡಿ, "ಇದು ನಿಜವಾಗ್ಲೂ ಸಗಣಿನಾ?" ಅಂದಳು. ಮೂರು ಕೊಂಬಿನಲ್ಲಿ ಮಾತ್ರ ಸಗಣಿ ಹಸಿರು ಹಸಿರಾಗಿ, ಹುಗಿದ ದಿನದಂತೆಯೇ ಇತ್ತು. ಕಾರ್ತಿಕದ ಮಳೆಗೆ ಗುಂಡಿಯ ಆ ಮೂಲೆಯಲ್ಲಿ ನೀರು ನಿಂತಿತ್ತು. ಗಾಳಿ ಇಲ್ಲದೆ ಕೆಲಸವೇ ನಡೆದಿರಲಿಲ್ಲ. ಮಲೆನಾಡಿನವರು ದಿಬ್ಬದ ಮೇಲೆ ಗುಂಡಿ ತೋಡಿ, ಕೊಂಬಿನ ಬಾಯಿ ಕೆಳಗೆ ಮಾಡಿ ಇಡಿ.

ತೆಗೆದದ್ದನ್ನು ಮಣ್ಣಿನ ಮಡಕೆಯಲ್ಲಿಟ್ಟು, ಸುತ್ತ ತೆಂಗಿನ ನಾರಿನ ಪುಡಿ ತುಂಬಿ, ಕತ್ತಲ ತಂಪು ಜಾಗದಲ್ಲಿ ಇಡಬೇಕು. ಅಪ್ಪೆಮಿಡಿ ಭರಣಿಯ ಪಕ್ಕದಲ್ಲೇ ಇಟ್ಟಿದ್ದೇವೆ, ಅಮ್ಮನ ಅಪ್ಪಣೆ ಪಡೆದು. ಎರಡರ ಸ್ವಭಾವವೂ ಒಂದೇ. ಒಳ್ಳೆಯ ಉಪ್ಪಿನಲ್ಲಿ, ಒದ್ದೆ ಸೌಟು ತಾಗಿಸದೆ ಇಟ್ಟ ಮಿಡಿ ವರ್ಷಗಟ್ಟಲೆ ಕೆಡದು. ಇದೂ ಹಾಗೆ ಕಾಯುತ್ತದೆ. ನಾನು ಎರಡು ವಾರ ಬರದಿದ್ದರೂ ಬುಸ್ ಅನ್ನುವುದಿಲ್ಲ.

501 ಅಂತ ಇನ್ನೊಂದಿದೆ, ಬೆಣಚುಕಲ್ಲಿನ ನುಣ್ಣನೆ ಪುಡಿ. ಅದನ್ನು ಕೊಂಬಿನಲ್ಲಿ ಬೇಸಿಗೆಗೆ ಹುಗಿಯುವುದು. ಎಕರೆಗೆ ಒಂದು ಗ್ರಾಂ, ಬೆಳಗಿನ ಹೊತ್ತು ಎಲೆಯ ಮೇಲೆ ಮಂಜಿನ ಹಾಗೆ. ಅಡಿಕೆಗೆ ನಾನು ಮಾಡಿಲ್ಲ.

502ರಿಂದ 507ರವರೆಗಿನವು ಗೊಬ್ಬರದ ರಾಶಿಗೆ ಹಾಕುವಂಥವು. ಅಲ್ಲಿ ಬರುವ ಗಿಡಗಳೆಲ್ಲ ತಂಪು ದೇಶದವು. ಯಾರೋ ಅಂತ ಒಂದು ಗಿಡ, ಹೆಸರೇ ಯಾರೋ! ಕ್ಯಾಮೊಮೈಲ್, ನೆಟಲ್, ಓಕ್ ತೊಗಟೆ, ಡ್ಯಾಂಡಲಿಯನ್, ವಲೇರಿಯನ್. ನಮ್ಮ ತೋಟದ ಅಂಚಿನಲ್ಲಿ ಇವು ಬೆಳೆಯುವುದಿಲ್ಲ. ಕೊಡೈಕನಾಲ್‌ನಂಥ ಬೆಟ್ಟದಲ್ಲಿ ಮಾಡಿದ್ದನ್ನು ಕೊಂಡು ತರಬೇಕು. ಎಲ್ಲವೂ ಜಮೀನಿನೊಳಗೇ ಸುತ್ತಬೇಕು ಅನ್ನುವ ಪದ್ಧತಿಗೆ ಹೊರಗಿನಿಂದ ಪೊಟ್ಟಣ ತರಿಸುವುದು, ಯಾಕೋ ಇದೊಂದು ನನಗೆ ಸರಿ ಹೊಂದುವುದಿಲ್ಲ.

ಇದರಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಸಗಣಿ ಗುಂಡಿ. ಸಿಪಿಪಿ (ಕೌ ಪ್ಯಾಟ್ ಪಿಟ್) ಅಂತಾರೆ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಆಳದ ಗುಂಡಿಗೆ ಸುತ್ತ ಇಟ್ಟಿಗೆ, ತಳದಲ್ಲಿ ಬರೀ ಮಣ್ಣು. 60 ಕೆಜಿ ಹಸಿ ಸಗಣಿ, 200 ಗ್ರಾಂ ಮೊಟ್ಟೆ ಸಿಪ್ಪೆ ಪುಡಿ, ಅಷ್ಟೇ ಕರಿಕಲ್ಲಿನ ಪುಡಿ. ಚೆನ್ನಾಗಿ ನಾದಿ ತುಂಬಿ, 502ರಿಂದ 507ರ ಆ ಪೊಟ್ಟಣಗಳನ್ನು ಅಲ್ಲಲ್ಲಿ ತೂರಿಸಿ, ಒದ್ದೆ ಗೋಣಿ ಹೊದಿಸುವುದು. ಮೂರು ತಿಂಗಳಿಗೆ ತಯಾರು. ಒಂದು ಕೆಜಿಯನ್ನು 45 ಲೀಟರ್ ನೀರಿಗೆ ಕದಡಿದರೆ ಒಂದು ಎಕರೆಗೆ. ವಾರಕ್ಕೊಮ್ಮೆ ಬಂದು ಗೋಣಿ ಒದ್ದೆ ಮಾಡಿ, ತಿಂಗಳಿಗೊಮ್ಮೆ ಮಗುಚಿದರೆ ಸಾಕು. ಮೊಟ್ಟೆ ಸಿಪ್ಪೆ ನಮ್ಮ ಮನೆಯಲ್ಲಿ ಸಿಗುವುದಿಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಎಗ್‌ರೈಸ್ ಗಾಡಿಯವರು ಚೀಲ ತುಂಬಾ ಕೊಟ್ಟರು.

ಪುರಾವೆ ಏನಿದೆ?

ಸ್ವಿಟ್ಜರ್ಲೆಂಡಿನ ಥೆರ್ವಿಲ್ ಎಂಬಲ್ಲಿ 1978ರಿಂದ ಒಂದೇ ಜಮೀನನ್ನು ಪಟ್ಟಿ ಪಟ್ಟಿ ಮಾಡಿ, ಬಯೋಡೈನಾಮಿಕ್, ಸಾವಯವ, ರಾಸಾಯನಿಕ ಮೂರನ್ನೂ ಪಕ್ಕಪಕ್ಕದಲ್ಲಿ ಬೆಳೆಯುತ್ತಿದ್ದಾರೆ. 21 ವರ್ಷದ ಲೆಕ್ಕ 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸಾವಯವದ ಎರಡೂ ಬಗೆಯಲ್ಲಿ ಇಳುವರಿ ಸರಾಸರಿ ಶೇ 20 ಕಡಿಮೆ. ಆದರೆ ಹಾಕಿದ ಗೊಬ್ಬರ ಶೇ 34ರಿಂದ 53, ಕೀಟನಾಶಕ ಶೇ 97 ಕಡಿಮೆ. ಮಣ್ಣಿನ ಜೀವ ಬಯೋಡೈನಾಮಿಕ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು.

ಹಾಗಾದರೆ ಕೊಂಬು ಗೆದ್ದಿತಾ? ಅಲ್ಲೇ ಇರುವುದು ಸೂಕ್ಷ್ಮ. ಬಯೋಡೈನಾಮಿಕ್ ಪಟ್ಟಿಗೆ ಹಾಕಿದ್ದು ಚೆನ್ನಾಗಿ ಕಳಿತ ಕಾಂಪೋಸ್ಟ್. ಸಾವಯವ ಪಟ್ಟಿಗೆ ಹಾಕಿದ್ದು ಅರೆಬರೆ ಕೊಳೆತ ಕೊಟ್ಟಿಗೆ ಗೊಬ್ಬರ. ವ್ಯತ್ಯಾಸ ಕೊಂಬಿನದಾ, ಕಾಂಪೋಸ್ಟಿನದಾ ಅಂತ ಬಿಡಿಸಿ ಹೇಳಲಾಗದು. ನ್ಯೂಜಿಲೆಂಡಿನ 16 ಜಮೀನುಗಳನ್ನು ಹೋಲಿಸಿದ 1993ರ ಅಧ್ಯಯನದಲ್ಲೂ ಬಯೋಡೈನಾಮಿಕ್ ಮಣ್ಣು ಮೇಲು ಅಂತ ಬಂತು, ಆದರೆ ಹೋಲಿಸಿದ್ದು ರಾಸಾಯನಿಕ ಜಮೀನಿನ ಜೊತೆ. ಒಂದು ಎಕರೆಗೆ 25 ಗ್ರಾಂ ಯಾವ ಲೆಕ್ಕದಲ್ಲೂ ಊಟ ಆಗುವುದಿಲ್ಲ. ನನ್ನ ಅಂದಾಜಿನಲ್ಲಿ, ಕೊಂಬು ಹುಗಿಯುವಷ್ಟು ಶ್ರದ್ಧೆ ಇರುವವನು ಗೊಬ್ಬರದ ರಾಶಿಯನ್ನೂ ಅಷ್ಟೇ ಶ್ರದ್ಧೆಯಿಂದ ಮಗುಚುತ್ತಾನೆ. ಫಲ ಅಲ್ಲಿಂದ ಬರುತ್ತದೆ.

ಚಂದ್ರನ ವಿಷಯ ಕೇಳುವವರು ಜಾಸ್ತಿ. ಜರ್ಮನಿಯ ಮರಿಯಾ ಥೂನ್ ಎಂಬಾಕೆ ಮಾಡಿದ ಬಿತ್ತನೆ ಕ್ಯಾಲೆಂಡರ್‌ನಲ್ಲಿ ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಅಂತ ಇದೆ, ಚಂದ್ರ ಯಾವ ನಕ್ಷತ್ರ ರಾಶಿಯ ಮುಂದಿದ್ದಾನೆ ಅನ್ನುವುದರ ಮೇಲೆ. ನಮ್ಮ ಪಂಚಾಂಗವೂ ಕಣ್ಣಿಗೆ ಕಾಣುವ ನಕ್ಷತ್ರಗಳ ಲೆಕ್ಕವೇ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುವ ಊರಿನವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಆದರೆ ನನ್ನ ಕ್ಯಾಲೆಂಡರ್‌ನಲ್ಲಿ ಇರುವುದು ಎರಡೇ ದಿನ: ಶನಿವಾರ, ಭಾನುವಾರ. ಚಂದ್ರ ಹೊಂದಿಕೊಳ್ಳಬೇಕು.

ಹಸು ಇಲ್ಲದವರು, ತಾರಸಿಯವರು, ತರಕಾರಿಯವರು

ಹಸುವೂ ಇಲ್ಲ, ಸಗಣಿಯೂ ಸಿಗುವುದಿಲ್ಲ ಅಂದರೆ ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರದವರು ತಂದ ವೇಸ್ಟ್ ಡಿಕಂಪೋಸರ್ ಇದೆ. ಸೂಕ್ಷ್ಮಜೀವಿಗಳಿರುವ ಸಣ್ಣ ಬಾಟಲಿ, 200 ಲೀಟರ್ ನೀರು, 2 ಕೆಜಿ ಬೆಲ್ಲ, ಒಂದು ವಾರ. ಕಸ ಬೇಗ ಕೊಳೆಯಲಿ ಅಂತ ಮಾಡಿದ್ದು, ಅದಕ್ಕೇ ಬಳಸಿ. ಪ್ರಾಣಿಯಿಂದ ಬಂದದ್ದೇ ಬೇಡ ಅನ್ನುವವರಿಗೆ ಸೊಪ್ಪಿನ ಕಾಂಪೋಸ್ಟ್.

ತಾರಸಿಯಲ್ಲಿ ಹತ್ತು ಕುಂಡ ಇಟ್ಟುಕೊಂಡವರು ಇದ್ಯಾವುದರ ಗೋಜಿಗೂ ಹೋಗಬೇಡಿ. ಅಪಾರ್ಟ್‌ಮೆಂಟಿನಲ್ಲಿ ಡ್ರಮ್ ಇಟ್ಟರೆ ಸಂಘದವರು ಬರುತ್ತಾರೆ. ಎರೆಗೊಬ್ಬರ ಒಂದು ಹಿಡಿ, ಅಕ್ಕಿ ತೊಳೆದ ನೀರು ಸಾಕು. ಎಲೆಯ ಮೇಲೆ ಬಿಳಿ ಬೂದಿ ಕಂಡರೆ ಮೂರು ದಿನ ಹುಳಿಬಂದ ಮಜ್ಜಿಗೆ, ಒಂದಕ್ಕೆ ಹತ್ತು ನೀರು ಬೆರೆಸಿ ಸಿಂಪಡಿಸಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹುದುಗು ಬಂದ ತಕ್ಷಣ ಎಲ್ಲವೂ ಶುದ್ಧ ಅಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪಿದೆ, ಮೊಸರಿನಲ್ಲಿ ಹುಳಿ ಇದೆ, ಕೆಟ್ಟವು ಅಲ್ಲಿ ಬಾಳುವುದು ಕಷ್ಟ. ಎರಡು ದಿನದ ಜೀವಾಮೃತ ಇನ್ನೂ ಹಸಿ ಸಗಣಿಯೇ. ಕೊತ್ತಂಬರಿ, ಸೌತೆ, ಮೂಲಂಗಿ, ಹಸಿಯಾಗಿ ತಿನ್ನುವ ಯಾವುದರ ಮೇಲೂ ಅದು ಬೀಳಬಾರದು. ಅಮೆರಿಕದ ಸಾವಯವ ನಿಯಮದಲ್ಲಿ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಸಗಣಿ ಹಾಕಿದರೆ ಕೊಯ್ಲಿಗೆ 120 ದಿನ ಬಿಡಬೇಕು, ತಾಗದಿದ್ದರೆ 90 ದಿನ. ಕೊತ್ತಂಬರಿ ಬಿತ್ತಿ ಕೀಳುವುದೇ ಒಂದೂವರೆ ತಿಂಗಳಲ್ಲಿ. ಸೊಪ್ಪಿನ ಮಡಿಗೆ ಕಳಿತ ಕಾಂಪೋಸ್ಟ್ ಬಿಟ್ಟು ಬೇರೇನೂ ಬೇಡ.

ಮತ್ತೆ ಅಡಿಕೆಯವರಿಗೆ: ಕೊಳೆರೋಗಕ್ಕೆ ಇವು ಯಾವುದೂ ಮದ್ದಲ್ಲ. ಒಂದು ಮಳೆಗಾಲ ನಂಬಿ ಬಿಟ್ಟೆ, ಆಗಸ್ಟ್ ತಿಂಗಳಲ್ಲಿ ಮರದಡಿ ಹಸಿರು ಕಾಯಿ ಹಾಸಿ ಬಿದ್ದಿತ್ತು. ಈಗ ಶೇ 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುತ್ತೇನೆ. ಮೈಲುತುತ್ತಕ್ಕೆ ಸಾವಯವ ನಿಯಮದಲ್ಲಿ ಮಿತಿಯೊಳಗೆ ಅವಕಾಶ ಇದೆ. ಪಾಳೇಕರ್ ದಾರಿಯವರು ಒಪ್ಪುವುದಿಲ್ಲ, ಅದು ಅವರಿಗೆ ಬಿಟ್ಟದ್ದು.

ಸರ್ಟಿಫಿಕೇಟ್ ಬೇಕಾ?

ಯಾರಿಗೆ ಮಾರುತ್ತೀರಿ ಅನ್ನುವುದರ ಮೇಲೆ. ಅಡಿಕೆ ಮಂಡಿಯಲ್ಲಿ ಸಾವಯವ ಅಂದದ್ದಕ್ಕೆ ನನಗೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಟ್ಟಿಲ್ಲ. ಊರಿನ ಐದು ರೈತರು ಸೇರಿದರೆ ಪಿಜಿಎಸ್ ಗುಂಪು ಮಾಡಬಹುದು, ಒಬ್ಬರ ತೋಟ ಒಬ್ಬರು ನೋಡಿ ಒಪ್ಪುವುದು. ದೇಶದೊಳಗೆ ಮಾರಲು ಅದು ಸಾಕು. ಕಾಳುಮೆಣಸು, ಕಾಫಿ ಹೊರದೇಶಕ್ಕೆ ಕಳಿಸುವವರಿಗೆ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪ್ರಮಾಣಪತ್ರ ಬೇಕು, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಕಾಯಬೇಕು. ಬಯೋಡೈನಾಮಿಕ್ ಅಂತಲೇ ಮಾರಬೇಕಾದರೆ ಡಿಮೀಟರ್ ಮುದ್ರೆ, 1928ರಿಂದ ಇರುವ ಹೆಸರು. ಆಗ ಕೊಂಬು, ಪೊಟ್ಟಣ ಎಲ್ಲ ಕಡ್ಡಾಯ, ನನ್ನ ಹಾಗೆ ಆರಿಸಿಕೊಳ್ಳುವಂತಿಲ್ಲ.

ಒಂದು ಸಾಲು ಬಿಟ್ಟು ನೋಡಿ

ಯಾವುದನ್ನು ಆರಿಸಿದರೂ ಒಂದು ಸಾಲಿಗೆ ಆ ಹೆಪ್ಪು ಹಾಕಬೇಡಿ. ನಾನು ಮೂರನೇ ವರ್ಷ ನಾಲ್ಕು ಸಾಲು ಬೇರೆ ಮಾಡಿದೆ. ಒಂದಕ್ಕೆ ದರಕು, ಕಾಂಪೋಸ್ಟ್ ಮಾತ್ರ. ಒಂದಕ್ಕೆ ಅದರ ಜೊತೆ ಜೀವಾಮೃತ. ಒಂದಕ್ಕೆ ಅದರ ಜೊತೆ ಸಗಣಿ ಗುಂಡಿಯ ನೀರು, ಕೊಂಬಿನ ಗೊಬ್ಬರ. ಕೊನೆಯದಕ್ಕೆ ದರಕು ಇಲ್ಲದೆ ಬರೀ ಜೀವಾಮೃತ. ಎರಡು ವರ್ಷ ಕಳೆದು ಬುಡ ಕೆದಕಿದರೆ ಮೊದಲ ಮೂರು ಸಾಲಿನಲ್ಲೂ ಎರೆಹುಳದ ಹಿಕ್ಕೆ. ಜೀವಾಮೃತದ ಸಾಲಿನಲ್ಲಿ ದರಕು ಬೇಗ ಕರಗಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಹೊದಿಸಬೇಕಾಯಿತು. ಗುಂಡಿ, ಕೊಂಬಿನ ಸಾಲಿಗೂ ಬರೀ ದರಕಿನ ಸಾಲಿಗೂ ನನ್ನ ಕಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊನೆಯ ಸಾಲಿನಲ್ಲಿ ಗುದ್ದಲಿ ಠಣ್ ಅಂತು.

ಈ ವರ್ಷ ಆ ಸಾಲಿಗೂ ಎಂಟು ಹೊರೆ ಸೊಪ್ಪು ಬಿದ್ದಿದೆ. ಡ್ರಮ್ ಈಗ ದಿನಾ ತೋಟದಲ್ಲೇ ಇರುವ ಪಕ್ಕದವರ ಮನೆ ಸೇರಿದೆ, ನನ್ನ ಪಾಲಿಗೆ ಗುಂಡಿ. ಒಂಬತ್ತು ಕೊಂಬುಗಳನ್ನು ತೊಳೆದು ಅಟ್ಟದ ಮೇಲಿಟ್ಟಿದ್ದೇವೆ. ದಸರಾ ರಜೆಗೆ ಮತ್ತೆ ಹುಗಿಯೋಣ ಅಂತ ಮಗಳು ಈಗಿನಿಂದಲೇ ಹಠ ಹಿಡಿದಿದ್ದಾಳೆ, ಆ ವಾಸನೆಗೋಸ್ಕರ.